ದಾರ್ಸೈಟಿನಲ್ಲಿ ಟೈಪಾದ ದ್ವೀಪದ ಚರಿತ್ರೆ

ಕಳೆದ ವಾರ ಪಾಸ್‌ಪೋರ್ಟಿನ ಕೆಲಸಕ್ಕೆಂದು, ಈಗ ನಾವಿರುವ ಸಹಮ್‌ನಿಂದ ಮಸ್ಕತ್ತಿಗೆ ಹೋಗಿದ್ದೆ. ರೂವಿಯಲ್ಲಿ ಕೆಲಸ ಬೇಗ ಮುಗಿಯಿತು. ಹೇಗೂ ಬಂದಾಗಿದೆ, ಹಳೆಯ ನೆರೆಮನೆಯ ಜಯಂತಿಯಕ್ಕನನ್ನು ಕಂಡು ಹೋಗೋಣವೆಂದು ದಾರ್ಸೈಟಿನ ನಮ್ಮ ಹಳೆಯ ಕಟ್ಟಡಕ್ಕೆ ಟ್ಯಾಕ್ಸಿ ಹಿಡಿದೆ. ಅವರ ಮನೆ ಮೂರನೆಯ ಮಹಡಿಯಲ್ಲಿ. ಎರಡನೆಯ ಮಹಡಿಯಲ್ಲಿ ನಾವು ಹನ್ನೊಂದು ವರ್ಷ ಇದ್ದ ಮನೆಯ ಬಾಗಿಲು ದಾಟುವಾಗ ಒಳಗಿಂದ ಕೆಸುವಿನ ಎಲೆ ತೆಂಗಿನ ಹಾಲಿನಲ್ಲಿ ಬೇಯುವ ವಾಸನೆ ಬಂತು. ಈಗ ಅಲ್ಲಿ ಯಾರಿದ್ದಾರೋ ಗೊತ್ತಿಲ್ಲ. ನಾನು ಮಾತ್ರ ಮೆಟ್ಟಿಲ ಕಂಬಿ ಹಿಡಿದುಕೊಂಡು ನಿಂತುಬಿಟ್ಟೆ. ನಾವು ಕರಾವಳಿಯವರು ಕೆಸುವಿನೆಲೆಗೆ ಹುಳಿ ಹಾಕದೆ ಇಡುವವರಲ್ಲ. ಹುಳಿಯಿಲ್ಲದೆ, ಬರೀ ತೆಂಗಿನ ಹಾಲು ಮತ್ತು ಉಪ್ಪಿನಲ್ಲಿ ಅದನ್ನು ಬೇಯಿಸುತ್ತಿದ್ದವಳು ನನ್ನ ಬದುಕಿನಲ್ಲಿ ಒಬ್ಬಳೇ. ಫಿಜಿ ದ್ವೀಪದ ನರ್ಸು ಮೇರೆ.

ಮೂರು ವರ್ಷದ ಹಿಂದಿನ ಬೇಸಿಗೆ ಅದು. ಆಗ ನಾನು ರೂವಿ ಸಮೀಪದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಾಕ್ಟರುಗಳು ಹೇಳಿದ ವರದಿಗಳನ್ನು ಟೈಪ್ ಮಾಡುವ ಕೆಲಸದಲ್ಲಿದ್ದೆ. ಮಗಳು ಕಾಲೇಜಿಗೆಂದು ಮಂಗಳೂರಿಗೆ ಹೋಗಿದ್ದಳು. ಪ್ರಭಾಕರ, ನನ್ನ ಗಂಡ, ಗ್ಯಾರೇಜಿನ ಹೊಸ ಶಾಖೆ ನೋಡಿಕೊಳ್ಳಲು ಸಹಮ್‌ಗೆ ಹೋಗಿ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಅದೇ ಹೊತ್ತಿಗೆ ಆಸ್ಪತ್ರೆಯ ನರ್ಸುಗಳ ವಸತಿಯ ಪೈಪುಗಳೆಲ್ಲ ಒಡೆದು, ಎಲ್ಲರಿಗೂ ಎರಡು ತಿಂಗಳಿಗೆ ಬೇರೆ ಜಾಗ ಹುಡುಕಬೇಕಾಯಿತು. ಮಕ್ಕಳ ವಾರ್ಡಿನ ಮೇರೆ ನನ್ನ ಮಗಳ ಕೋಣೆಗೆ ಬಂದಳು. ಎರಡು ತಿಂಗಳೆಂದು ಬಂದವಳು ಐದು ತಿಂಗಳಿದ್ದಳು.

ಎತ್ತರದ ಆಳು, ಗುಂಗುರು ಕೂದಲು, ನಕ್ಕರೆ ಪಕ್ಕದ ಮನೆಗೂ ಕೇಳಬೇಕು. ಅವಳ ಊರಿನಲ್ಲಿ ಹಿಂದೆ ಕಬ್ಬಿನ ಗದ್ದೆಗೆ ದುಡಿಯಲು ಹೋಗಿ ನೆಲೆಸಿದ ಭಾರತೀಯರು ಬಹಳ ಇದ್ದಾರಂತೆ. ಅವರ ಒಡನಾಟದಲ್ಲಿ ಕಲಿತ ಒಂದು ವಿಚಿತ್ರ ಹಿಂದಿ ಅವಳಿಗೆ ಬರುತ್ತಿತ್ತು. ನನ್ನ ಮಂಗಳೂರು ಹಿಂದಿ, ಅವಳ ಫಿಜಿ ಹಿಂದಿ, ನಡುವೆ ಇಬ್ಬರ ಆಸ್ಪತ್ರೆ ಇಂಗ್ಲಿಷು, ಇದೇ ನಮ್ಮ ಭಾಷೆ. ಅದನ್ನು ಇಲ್ಲಿ ನನ್ನ ಊರಿನ ಕನ್ನಡದಲ್ಲೇ ಬರೆಯುತ್ತೇನೆ, ಬೇರೆ ದಾರಿಯಿಲ್ಲ.

ಬಂದ ಮೂರನೆಯ ದಿನ ತರಕಾರಿ ಅಂಗಡಿಯಿಂದ ಒಂದು ಕಂತೆ ಕೆಸುವಿನೆಲೆ, ಎರಡು ಸಲಾಲಾದ ತೆಂಗಿನಕಾಯಿ ಹಿಡಿದು ಬಂದಳು.

"ಹುಳಿ ಹಾಕು ಮಾರಾಯ್ತಿ, ಗಂಟಲು ತುರಿಸ್ತದೆ" ಎಂದೆ.

"ಸರಿಯಾಗಿ ಬೇಯಿಸಿದರೆ ತುರಿಸೋದಿಲ್ಲ ದೀದಿ. ನಿಮಗೆ ತಾಳ್ಮೆ ಇಲ್ಲ, ಅದಕ್ಕೆ ಹುಳಿ ಹಾಕ್ತೀರಿ" ಎಂದಳು. ಒಂದು ಗಂಟೆ ಬೇಯಿಸಿದಳು. ತುರಿಸಲಿಲ್ಲ.

ಅದು ಜೂನ್. ಟೆರೇಸಿನ ಟ್ಯಾಂಕಿಯ ನೀರು ನಲ್ಲಿಯಲ್ಲಿ ಕುದಿದಂತೆ ಬರುವ ಕಾಲ. ಗೀಸರ್ ಆಫ್ ಮಾಡಿ, ಅದರೊಳಗೆ ನಿಂತು ತಣಿದ ನೀರನ್ನೇ ತಣ್ಣೀರೆಂದು ಬಳಸುವುದು ಇಲ್ಲಿಯ ರೂಢಿ. ಹೊರಗೆ ಬೋಳು ಗುಡ್ಡಗಳು ಕಾದ ಕಾವಲಿಯ ಹಾಗೆ. ರಜೆಯ ದಿನ ಯಾರೂ ಹೊರಗೆ ಕಾಲಿಡುತ್ತಿರಲಿಲ್ಲ. ಮೇರೆ ಮಾತ್ರ ಶುಕ್ರವಾರ ಬೆಳಿಗ್ಗೆ ಚರ್ಚಿಗೆ ಹೋಗಿ ಹತ್ತೂವರೆಗೆ ವಾಪಸಾಗುತ್ತಿದ್ದಳು. ಇಲ್ಲಿ ಶುಕ್ರವಾರವೇ ರಜೆಯಾದ್ದರಿಂದ ಅವರ ಭಾನುವಾರದ ಪ್ರಾರ್ಥನೆಯೂ ಶುಕ್ರವಾರಕ್ಕೆ ಸರಿದಿತ್ತು. ಹನ್ನೊಂದಕ್ಕೆ ಸರಿಯಾಗಿ ಅವಳ ಅಪ್ಪನ ಫೋನು. ಅಲ್ಲಿ ಆಗ ಸಂಜೆ ಏಳು ಗಂಟೆ.

ಅಪ್ಪನ ಹೆಸರು ಎಪೇಲಿ. ನಿವೃತ್ತ ಹೆಡ್‌ಮಾಸ್ಟರು. ಹಾಗಾಗಿ ನಾನು ಮೊದಲ ದಿನದಿಂದಲೇ ಅವರನ್ನು ಮಾಸ್ಟ್ರು ಎಂದೇ ಕರೆದೆ. ಕಣ್ಣಿನ ನರದ ಕಾಯಿಲೆಯಿಂದ ಅವರಿಗೆ ದೃಷ್ಟಿ ಹೆಚ್ಚುಕಡಿಮೆ ಹೋಗಿತ್ತು. ಅಕ್ಟೋಬರಿನಲ್ಲಿ ಅವರ ಊರಿನ ಚರ್ಚಿನ ದೊಡ್ಡ ವಾರ್ಷಿಕೋತ್ಸವವಿತ್ತು. ಆ ಊರಿಗೆ ಕ್ರೈಸ್ತ ಧರ್ಮ ಬಂದ ಚರಿತ್ರೆಯನ್ನು ಬರೆಯುವ ಕೆಲಸ ಮಾಸ್ಟ್ರ ಪಾಲಿಗೆ ಬಂದಿತ್ತು. ಬರೆಯಲು ಕಣ್ಣಿಲ್ಲ. ಅವರು ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳುವುದು, ಮಗಳು ಟೈಪ್ ಮಾಡುವುದು, ಸಮಾರಂಭದ ದಿನ ಅವಳೇ ಹೋಗಿ ಓದುವುದು ಎಂದು ತೀರ್ಮಾನವಾಗಿತ್ತು. ಆದರೆ ಮೇರೆಗೆ ಟೈಪಿಂಗ್ ಬಾರದು. ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕುವುದನ್ನು ನೋಡಲಾರದೆ ಎರಡನೆಯ ವಾರ ಲ್ಯಾಪ್‌ಟಾಪನ್ನು ನಾನೇ ನನ್ನ ಕಡೆ ಎಳೆದುಕೊಂಡೆ.

"ನಿಮ್ಮ ಹೆಸರೇನು?" ಎಂದು ಫೋನಿನ ಸ್ಪೀಕರಿನಿಂದ ನಿಧಾನದ, ಶಾಲೆಯ ಇಂಗ್ಲಿಷು ಕೇಳಿತು.

"ವಸಂತಿ."

"ವಸಾಂತಿ. ನೀವು ಚರ್ಚಿನವರಾ?"

"ಅಲ್ಲ ಮಾಸ್ಟ್ರೇ. ನಾವು ಹಿಂದೂಗಳು."

"ಒಳ್ಳೆಯದಾಯಿತು" ಎಂದರು. ಏಕೆ ಒಳ್ಳೆಯದಾಯಿತೆಂದು ನನಗೆ ಆಗ ತಿಳಿಯಲಿಲ್ಲ.

ಮಿಶನರಿ ಎಂದರೆ ನನ್ನ ತಲೆಯಲ್ಲಿ ಇದ್ದದ್ದು ಬಿಳಿ ನಿಲುವಂಗಿಯ ಯುರೋಪಿಯನ್ ಪಾದ್ರಿ. ಮಾಸ್ಟ್ರ ಚರಿತ್ರೆಯಲ್ಲಿ ಮೊದಲು ಬಂದವರು ಬಿಳಿಯರಲ್ಲ. ಪಕ್ಕದ ಟೊಂಗಾ ದ್ವೀಪದಿಂದ ದೋಣಿಯಲ್ಲಿ ಬಂದ ಒಬ್ಬ ಶಿಕ್ಷಕ ಮತ್ತು ಅವನ ಹೆಂಡತಿ. ಮಿಶನ್ ಅವರನ್ನು ನದಿಯ ಅಳಿವೆಯಲ್ಲಿ ಇಳಿಸಿ ಹೋಗಿತ್ತು. ಇಬ್ಬರಿಗೂ ಆ ಊರಿನ ಭಾಷೆ ಬಾರದು. ಶಿಕ್ಷಕ ಮೊದಲ ಪ್ರಾರ್ಥನೆಯಲ್ಲಿ ದೇವರು ಎನ್ನುವ ಬದಲು ಏನೋ ಒಂದು ಮೀನಿನ ಹೆಸರು ಹೇಳಿ ಊರೆಲ್ಲ ನಕ್ಕಿತ್ತಂತೆ. ಜನ ಬರುತ್ತಿದ್ದದ್ದು ದೇವರಿಗಾಗಿ ಅಲ್ಲ, ಕಬ್ಬಿಣದ ಕೊಡಲಿ ಮತ್ತು ಬಟ್ಟೆ ನೋಡಲು. ಆಮೇಲೆ ಅಕ್ಷರ ನೋಡಲು. ಹೊಳೆಯ ಮರಳಿನ ಮೇಲೆ ಶಿಕ್ಷಕ ಬರೆದದ್ದನ್ನು ದೂರದಲ್ಲಿದ್ದ ಹೆಂಡತಿ ಬಂದು ಓದಿಬಿಡುತ್ತಿದ್ದಳು. ಬಾಯಿ ಬಿಡದೆ ಮಾತು ಹೇಗೆ ಅವಳಿಗೆ ತಲುಪಿತೆಂದು ಮುದುಕರು ರಾತ್ರಿಯೆಲ್ಲ ಚರ್ಚೆ ಮಾಡುತ್ತಿದ್ದರಂತೆ. ಇದನ್ನು ಹೇಳುವಾಗ ಮಾಸ್ಟ್ರು ನಗುತ್ತಿದ್ದರು. ಮೇರೆ ಅಡಿಗೆಮನೆಯಿಂದ ಕೂಗಿ ಇನ್ನೊಂದು ವಿವರ ಸೇರಿಸುತ್ತಿದ್ದಳು. ನಾನು ಟೈಪ್ ಮಾಡುತ್ತಿದ್ದೆ.

ಪ್ರಭಾಕರ ಒಂದು ಶುಕ್ರವಾರ ಮನೆಯಲ್ಲಿದ್ದವರು ಇದನ್ನೆಲ್ಲ ಸೋಫಾದ ಮೇಲೆ ಕೂತು ಕೇಳಿಸಿಕೊಂಡರು. ಮೇರೆ ಡ್ಯೂಟಿಗೆ ಹೋದ ಮೇಲೆ, "ಎಂತ ವಸಂತಿ, ಮತಾಂತರದ ಕಥೆಯನ್ನು ನಮ್ಮ ದಾರ್ಸೈಟಿನ ಕೃಷ್ಣ ದೇವಸ್ಥಾನದ ಪಕ್ಕದಲ್ಲಿ ಕೂತು ಬರೀತಾ ಇದ್ದಿ? ಜಾಗ್ರತೆ" ಎಂದರು.

"ದಿನಾ ಎಷ್ಟು ಜನರ ಕಿಡ್ನಿಕಲ್ಲಿನ ಕಥೆ ಬರೀತೇನೆ. ನನಗೆ ಕಲ್ಲು ಬಂದಿದೆಯಾ?" ಎಂದೆ. ಅವರು ನಕ್ಕು ಸುಮ್ಮನಾದರು.

ಜುಲೈ ನಡುವಿನಲ್ಲಿ ಚರಿತ್ರೆಯ ಬಣ್ಣ ಬದಲಾಯಿತು. ಹಡಗುಗಳ ಜೊತೆ ದ್ವೀಪಕ್ಕೆ ದಡಾರ ಬಂತು. ಹಿಂದೆಂದೂ ಆ ಕಾಯಿಲೆ ಕಾಣದ ಜನ ಮನೆಮನೆಯಲ್ಲಿ ಸತ್ತರು. ಹೊಸ ದೇವರು ತಂದ ಪೀಡೆಯೆಂದು ಅರ್ಧ ಊರು, ಹಳೆಯ ದೇವರು ಕೈಬಿಟ್ಟರೆಂದು ಇನ್ನರ್ಧ ಊರು. ಶಿಕ್ಷಕನ ಮಗುವೂ ಹೋಯಿತು. ಮಗುವನ್ನು ಮಣ್ಣು ಮಾಡಿದ ಮೂರನೆಯ ದಿನ ಅವನು ಕೊಡಲಿ ಹಿಡಿದು ಹೋಗಿ ಊರಿನ ದೇವರ ಮರವನ್ನು ಕಡಿದು ಉರುಳಿಸಿದ. ಅದೊಂದು ಗಾಳಿಮರ. ನಮ್ಮ ಕಡಲತೀರದಲ್ಲಿ ಸುಯ್ಯೆನ್ನುತ್ತ ನಿಂತಿರುತ್ತದಲ್ಲ, ಅದೇ. ಅಲ್ಲಿ ಅದರ ಬುಡದಲ್ಲಿ ದೇವರಿತ್ತು.

ನನ್ನ ಬೆರಳು ನಿಂತವು. ನಮ್ಮ ಹಿರಿಯರ ತರವಾಡು ಮನೆಯ ನಾಗಬನ ಕಣ್ಣಿಗೆ ಬಂತು. ಅಲ್ಲಿ ಒಣಗಿದ ಕಡ್ಡಿಯನ್ನೂ ನಾವು ಒಲೆಗೆ ತರುವುದಿಲ್ಲ.

"ಟೈಪ್ ಮಾಡ್ತಾ ಇದ್ದೀರಾ?" ಎಂದು ಮಾಸ್ಟ್ರು ಕೇಳಿದರು.

"ಹ್ಞಾಂ."

"ಹಾಗಾದರೆ ಇದನ್ನೂ ಬರೆಯಿರಿ. ಆ ಮರದ ಪೂಜಾರಿ ಅದೇ ಸಂಜೆ ಶಿಕ್ಷಕನನ್ನು ಗದೆಯಿಂದ ಹೊಡೆದು ಕೊಂದ. ಆ ಪೂಜಾರಿ ನನ್ನ ಅಜ್ಜನ ಅಜ್ಜ. ಚರ್ಚಿನ ಪುಸ್ತಕದಲ್ಲಿ ಶಿಕ್ಷಕ ಜ್ವರದಿಂದ ಸತ್ತ ಎಂದು ಉಂಟು. ಅದು ಸುಳ್ಳು. ಇವತ್ತಿಗೆ ಇಷ್ಟು ಸಾಕು. ಇನ್ನೊಂದು ಭಾಗ ಕೊನೆಗೆ ಹೇಳ್ತೇನೆ."

ಫೋನ್ ಇಟ್ಟ ಮೇಲೆ ನೋಡಿದರೆ ಮೇರೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅರ್ಧ ತುರಿದ ತೆಂಗಿನಕಾಯಿ. ಅವಳಿಗೆ ಇದು ಗೊತ್ತಿರಲಿಲ್ಲ.

"ತೆಗೀರಿ ಅದನ್ನು."

"ನಿಮ್ಮ ಅಪ್ಪ ಹೇಳಿದ್ದು ಅದು."

"ಅಪ್ಪನಿಗೆ ಓದಲಿಕ್ಕಾಗೋದಿಲ್ಲ. ಇಡೀ ಊರಿನೆದುರು ಓದುವವಳು ನಾನು. ನನ್ನ ತಮ್ಮನ ಮಕ್ಕಳು ಅದೇ ಊರಿನ ಶಾಲೆಗೆ ಹೋಗ್ತಾವೆ. ನಾಳೆಯಿಂದ ಅವರನ್ನು ಏನಂತ ಕರೀತಾರೆ ಹೇಳಿ! ಬೇಡ ದೀದಿ. ಪುಸ್ತಕದಲ್ಲಿ ಇದ್ದ ಹಾಗೇ ಇರಲಿ. ಜ್ವರದಿಂದ ತೀರಿಕೊಂಡರು, ಅಷ್ಟೇ."

ತೆಂಗಿನಕಾಯಿಯನ್ನು ಮೇಜಿನ ಮೇಲಿಟ್ಟು ನನ್ನ ಪಕ್ಕದಲ್ಲಿ ಬಂದು ನಿಂತಳು. ನಾನು ಆ ಪ್ಯಾರಾ ಅಳಿಸಿದೆ. ಅವಳು ಹೇಳಿದ ವಾಕ್ಯ ಹಾಕಿದೆ. ಇಷ್ಟು ವರ್ಷದ ಕೆಲಸದಲ್ಲಿ ಡಾಕ್ಟರು ಹೇಳಿದ ಒಂದು ಸಾಲನ್ನೂ ನಾನಾಗಿ ಬಿಟ್ಟವಳಲ್ಲ.

ಆಗಸ್ಟಿನ ಒಂದು ಶುಕ್ರವಾರ ಮೇರೆಗೆ ಡ್ಯೂಟಿ ಬಿತ್ತು. ಹನ್ನೊಂದಕ್ಕೆ ಫೋನು ಬಂದಾಗ ಮನೆಯಲ್ಲಿ ನಾನೊಬ್ಬಳೇ.

"ಇವತ್ತು ಹೊಸತು ಬೇಡ" ಎಂದರು ಮಾಸ್ಟ್ರು. "ಇಷ್ಟರವರೆಗೆ ಆದದ್ದನ್ನು ಮೊದಲಿನಿಂದ ಓದಿ. ಕೇಳಬೇಕು."

ಓದಿದೆ. ದೋಣಿ, ಮೀನಿನ ಹೆಸರಿನ ಪ್ರಾರ್ಥನೆ, ಮರಳಿನ ಅಕ್ಷರ, ದಡಾರ. ಮರದ ಹತ್ತಿರ ಬರುವಾಗ ನನ್ನ ಸ್ವರ ನನಗೇ ಬೇರೆಯಾಗಿ ಕೇಳಿತು. "ಶಿಕ್ಷಕರು ಜ್ವರದಿಂದ ತೀರಿಕೊಂಡರು. ಅವರ ಹೆಂಡತಿ ಊರಿನಲ್ಲೇ ಉಳಿದರು." ಅಲ್ಲಿಗೆ ನಿಲ್ಲಿಸಿದೆ.

ಆ ಕಡೆ ಒಂದು ನಾಯಿ ಬೊಗಳುವುದು ಕೇಳುತ್ತಿತ್ತು. ಮೇರೆಯ ಹೆಸರು ಹೇಳಿ ತಪ್ಪಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

"ಅಲ್ಲಿ ಇನ್ನೊಂದು ಪ್ಯಾರಾ ಇತ್ತು ಮಾಸ್ಟ್ರೇ. ನಾನು ತೆಗೆದೆ."

"ಮಗಳು ಹೇಳಿದಳಾ?"

"ತೆಗೆದದ್ದು ನನ್ನ ಕೈ."

"ಸಿಟ್ಟಿಲ್ಲ ವಸಾಂತಿ" ಎಂದರು. "ನಾನೂ ಎಪ್ಪತ್ತು ವರ್ಷ ಅದನ್ನು ತೆಗೆದುಹಾಕಿಯೇ ಬದುಕಿದವನು. ಇಲ್ಲಿ ಬರೆಯುವ ಕೈಯೆಲ್ಲ ಒಂದೋ ನಮ್ಮ ಸಂಬಂಧದವರದು, ಇಲ್ಲ ನಮ್ಮನ್ನು ಕಂಡರೆ ಆಗದವರದು. ಅದಕ್ಕೇ ನೀವು ಹೊರಗಿನವರು ಅಂತ ಗೊತ್ತಾದಾಗ ಒಳ್ಳೆಯದಾಯಿತು ಅಂದೆ. ಈಗ ಆ ಇನ್ನೊಂದು ಭಾಗ ಕೇಳಿ. ಟೈಪ್ ಮಾಡಬೇಡಿ, ಬರೀ ಕೇಳಿ."

ಶಿಕ್ಷಕನನ್ನು ಕೊಂದ ಕೆಲವು ವಾರಗಳ ಮೇಲೆ ಮಿಶನಿನ ಹಡಗು ಬಂತಂತೆ. ಬಿಳಿಯ ಪಾದ್ರಿ ಇಳಿದು ಶಿಕ್ಷಕ ಎಲ್ಲಿ ಎಂದು ಕೇಳಿದರು. ಊರೆಲ್ಲ ಉಸಿರು ಬಿಗಿಹಿಡಿದು ನಿಂತಿತ್ತು. ಏಕೆಂದರೆ ಹೀಗೆ ಕೊಲೆಯಾದ ಬೇರೆ ಊರಿಗೆ ಯುದ್ಧದ ಹಡಗು ಬಂದು ಗುಂಡು ಹಾರಿಸಿ ಮನೆಗಳನ್ನು ಸುಟ್ಟದ್ದು ಎಲ್ಲರಿಗೂ ಗೊತ್ತಿತ್ತು. ವಿಧವೆ ಮುಂದೆ ಬಂದು, "ಜ್ವರ ಬಂತು, ಹೋದರು" ಎಂದಳು. ಪಾದ್ರಿ ಅದನ್ನೇ ಬರೆದುಕೊಂಡರು. ಅವಳಿಗೆ ಹಡಗು ಹತ್ತು ಎಂದರು. ಅವಳು ಹತ್ತಲಿಲ್ಲ. ದೀವಿ ಹಲಸಿನ ಮರದ ಕೆಳಗೆ ಶಾಲೆ ಮುಂದುವರಿಸಿದಳು. ಮೊದಲು ಅವಳೆದುರು ಬಂದು ಕೂತ ಮಗು ಕೊಂದವನ ಮಗ.

"ಆ ಮೊದಲ ಸುಳ್ಳು ನಮ್ಮನ್ನು ಉಳಿಸಲಿಕ್ಕೆ ಅವಳು ಹೇಳಿದ್ದು" ಎಂದರು ಮಾಸ್ಟ್ರು. "ಆಮೇಲೆ ನಮ್ಮ ಮುಖ ಉಳಿಸಿಕೊಳ್ಳಲಿಕ್ಕೆ ನಾವು ಹೇಳುತ್ತಾ ಬಂದೆವು. ಆ ಪ್ಯಾರಾ ತೆಗೆದರೆ ಏನಾಗ್ತದೆ ನೋಡಿ. ಗಂಡ ಜ್ವರದಿಂದ ಸತ್ತ, ಹೆಂಡತಿ ಉಳಿದಳು. ಅದರಲ್ಲಿ ಏನುಂಟು? ನಮ್ಮ ತಪ್ಪು ತೆಗೆಯಲಿಕ್ಕೆ ಹೋಗಿ ನೀವು ಅವಳನ್ನೇ ತೆಗೆದಿರಿ."

ಆಮೇಲೆ ಅವರೇ ಕೇಳಿದರು. "ನಿಮ್ಮಲ್ಲಿ ಇಂಥದ್ದಕ್ಕೆ ಏನು ಮಾಡ್ತಾರೆ?"

"ನಮ್ಮಲ್ಲಿ ತಪ್ಪು ಕಾಣಿಕೆ ಅಂತ ಉಂಟು ಮಾಸ್ಟ್ರೇ. ದೈವದ ಮುಂದೆ ಇಡೋದು. ಆದರೆ ಬರೀ ಇಟ್ಟರೆ ಆಗೋದಿಲ್ಲ. ತಪ್ಪು ಏನು ಅಂತ ಬಾಯಿ ಬಿಟ್ಟು ಹೇಳಬೇಕು."

"ನಮ್ಮಲ್ಲಿ ತಿಮಿಂಗಿಲದ ಹಲ್ಲು ಇಡ್ತೇವೆ. ನಾವೂ ಬಾಯಿ ಬಿಟ್ಟು ಹೇಳಬೇಕು" ಎಂದರು.

ಸಂಜೆ ಮೇರೆ ಬಂದ ಕೂಡಲೇ, ಅವಳು ಶೂ ಬಿಚ್ಚುವ ಮೊದಲೇ, ನಡೆದದ್ದನ್ನು ಹೇಳಿದೆ. ಪ್ಯಾರಾ ವಾಪಸು ಹಾಕಿದ್ದೇನೆಂದೂ ಹೇಳಿದೆ.

"ನಿಮ್ಮನ್ನು ನಂಬಿದ್ದೆ" ಎಂದಳು. ಕೋಣೆಯ ಬಾಗಿಲು ಹಾಕಿಕೊಂಡಳು.

ಹತ್ತು ದಿನ ಮಾತಿಲ್ಲ. ಆ ಹತ್ತು ದಿನಗಳ ಸೆಕೆಯೇ ಬೇರೆ. ಎರಡು ಒಲೆಗಳಲ್ಲಿ ಎರಡು ಅಡಿಗೆ, ಎರಡು ಹೊತ್ತಿನಲ್ಲಿ ಊಟ. ಬೆಳಿಗ್ಗೆ ಬೇಗ ಡ್ಯೂಟಿಗೆ ಹೋಗುವವಳು ನನ್ನ ಬಕೆಟ್ಟಿಗೂ ತಣ್ಣೀರು ತುಂಬಿಸಿಟ್ಟೇ ಹೋಗುತ್ತಿದ್ದಳು. ಅದೊಂದನ್ನು ಬಿಡಲಿಲ್ಲ. ಅದನ್ನು ಕಂಡಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಹತ್ತನೆಯ ದಿನ ಕೋಣೆಯೊಳಗೆ ಅವಳು ಅಪ್ಪನೊಂದಿಗೆ ಬಹಳ ಹೊತ್ತು ಮಾತಾಡುವುದು ಕೇಳಿತು. ಅವರ ಭಾಷೆ ನನಗೆ ತಿಳಿಯದು. ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು, ಆದರೂ ಕಣ್ಣು ಕೆಂಪಗಿತ್ತು. ನನ್ನೆದುರು ನೆಲದ ಮೇಲೆ ಕೂತಳು.

"ಆ ಹೆಂಗಸಿನ ಹೆಸರು ಚರ್ಚಿನ ಪುಸ್ತಕದಲ್ಲಿ ಇಲ್ಲ ದೀದಿ. 'ಶಿಕ್ಷಕ ಮತ್ತು ಹೆಂಡತಿ' ಅಂತ ಅಷ್ಟೇ ಉಂಟು. ಅವಳ ಹೆಸರು ಮೆಲೆ ಅಂತೆ. ಟೊಂಗಾದ ಮೆಲೆ ನಮ್ಮ ಬಾಯಲ್ಲಿ ಮೇರೆ. ಕೊಂದವನ ಮಗ ತನ್ನ ಮಗಳಿಗೆ ಅವಳ ಹೆಸರಿಟ್ಟ. ಅಂದಿನಿಂದ ನಮ್ಮ ಮನೆಯಲ್ಲಿ ತಲೆಮಾರಿಗೆ ಒಂದು ಹೆಣ್ಣಿಗೆ ಆ ಹೆಸರು. ಅಪ್ಪನ ಅಜ್ಜನ ತಂಗಿ ಮೇರೆ, ನನ್ನ ಅತ್ತೆ ಮೇರೆ. ನಾನು ಬೈಬಲಿನ ಹೆಸರು ಅಂದುಕೊಂಡಿದ್ದೆ."

ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ಆ ದೊಡ್ಡ ಆಳು ನನ್ನ ಮೊಣಕಾಲಿಗೆ ಮುಖ ಒತ್ತಿಕೊಂಡಿತು.

"ತನ್ನಿ ಲ್ಯಾಪ್‌ಟಾಪು" ಎಂದಳು ಕೊನೆಗೆ. "ಓದಿ ಅಭ್ಯಾಸ ಮಾಡಬೇಕು. ಇಲ್ಲದಿದ್ದರೆ ಅಲ್ಲಿ ನನ್ನ ಸ್ವರ ಏಳೋದಿಲ್ಲ."

ವಿಧವೆಯ ಭಾಗವನ್ನೂ ಮಾಸ್ಟ್ರು ಹೇಳಿ ಬರೆಸಿದರು. ಸೆಪ್ಟೆಂಬರ್ ಇಡೀ ಅಭ್ಯಾಸ. ಆ ಪ್ಯಾರಾ ಬಂದಾಗ ಮೊದಮೊದಲು ಓಡಿಸಿ ಓದುತ್ತಿದ್ದಳು. ನಿಧಾನ, ನಿಧಾನ ಎಂದು ನಾನು ಟೀಚರಮ್ಮನ ಹಾಗೆ ಮೇಜು ಕುಟ್ಟುತ್ತಿದ್ದೆ. ಪ್ರಭಾಕರ ಬಂದಿದ್ದ ವಾರ ಅವರೂ ಕೇಳಿದರು. ಮುಗಿದ ಮೇಲೆ, "ಆ ಹೆಂಗಸು ಹಡಗು ಹತ್ತದ ಭಾಗ ಇನ್ನೊಮ್ಮೆ ಓದಲಿಕ್ಕೆ ಹೇಳು" ಎಂದರು ನನಗೆ.

ಅಕ್ಟೋಬರಿನಲ್ಲಿ ಮೇರೆ ಊರಿಗೆ ಹೋದಳು. ಸಮಾರಂಭ ಮುಗಿದ ಎರಡನೆಯ ದಿನ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಟೊಂಗಾದಿಂದ ಶಿಕ್ಷಕನ ಅಣ್ಣನ ವಂಶದ ಒಬ್ಬ ಮುದುಕಿ ಬಂದಿದ್ದರು. ಅವರನ್ನು ಮಾಸ್ಟ್ರೇ ಹುಡುಕಿಸಿ ಕರೆಸಿದ್ದರು. ಮೇರೆ ಓದಿದಳು. ಸ್ವರ ಎರಡು ಕಡೆ ಒಡೆಯಿತು, ಆದರೆ ಓದಿದಳು. ಓದಿ ಮುಗಿಸಿ ಅವಳು ಹೊರಗೆ ಹೋಗಿ ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅವರ ಇಡೀ ಮನೆ ಬಾಗಿಲ ಹೊರಗೆ ಬಿಸಿಲಿನಲ್ಲಿ ತಲೆ ತಗ್ಗಿಸಿ ಕೂತಿತ್ತು, ಮುಂದೆ ತಿಮಿಂಗಿಲದ ಹಲ್ಲು. ಮಾಸ್ಟ್ರು ಬಾಯಿ ಬಿಟ್ಟು ಹೇಳಿದರು.

"ಮುದುಕಿ ಒಳಗಿಂದ ಬರಲೇ ಇಲ್ಲ ದೀದಿ. ಎಷ್ಟು ಹೊತ್ತು ಅಂತೀರಿ! ಅಪ್ಪನ ಕೈ ನನ್ನ ಕೈಯಲ್ಲಿ ಬೆವರ್ತಾ ಇತ್ತು. ಕಡೆಗೆ ಕೋಲಿನ ಸದ್ದು ಕೇಳಿತು. ಬಂದವರು ಹಲ್ಲನ್ನು ಎತ್ತಿಕೊಂಡರು. ಎತ್ತಿಕೊಂಡರೆ ಒಪ್ಪಿದ ಹಾಗೆ. ಆಮೇಲೆ ಏನು ಕೇಳಿದರು ಗೊತ್ತುಂಟಾ? ಆ ಮರ ಎಲ್ಲಿತ್ತು, ಅಂತ."

ಊರಿನ ಯಾರಿಗೂ ಗೊತ್ತಿರಲಿಲ್ಲ. ಮಾಸ್ಟ್ರಿಗೆ ಗೊತ್ತಿತ್ತು, ಚಿಕ್ಕಂದಿನಲ್ಲಿ ಅವರ ಅಜ್ಜಿ ಕೈಹಿಡಿದು ತೋರಿಸಿದ್ದರು. ಕಣ್ಣಿಲ್ಲದ ಅವರೇ ಹೊಳೆಯ ಕಡವಿನಿಂದ ಹೆಜ್ಜೆ ಎಣಿಸುತ್ತ ಮುಂದೆ ನಡೆದರು. ಊರು ಹಿಂದೆ ನಡೆಯಿತು. ಅವರು ನಿಂತಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಟೊಂಗಾದವರು ಗೌರವದ ದಿನಗಳಲ್ಲಿ ಸೊಂಟಕ್ಕೆ ಹೆಣೆದ ಚಾಪೆ ಸುತ್ತಿಕೊಳ್ಳುತ್ತಾರೆ. ಅಮ್ಮ ಮಗಳಿಗೆ ಕೊಡುತ್ತ ಬರುವ ಹಳೆಯ ಚಾಪೆ ಅದು. ಮುದುಕಿ ಅದನ್ನು ಬಿಚ್ಚಿ ಆ ಹುಲ್ಲಿನ ಮೇಲೆ ಹಾಸಿ, "ಇದು ಮರಕ್ಕೆ. ಅದನ್ನು ಕಡಿದವರು ನಮ್ಮವರು" ಎಂದರಂತೆ.

ನವೆಂಬರಿನಲ್ಲಿ ಮೇರೆ ವಾಪಸು ಬಂದಳು. ನರ್ಸುಗಳ ವಸತಿ ರಿಪೇರಿಯಾಗಿತ್ತು, ತನ್ನ ಪೆಟ್ಟಿಗೆ ತೆಗೆದುಕೊಂಡು ಅಲ್ಲಿಗೆ ಹೋದಳು. ಮರುವರ್ಷ ಅಪ್ಪನ ಹತ್ತಿರ ಇರಬೇಕೆಂದು ಕೆಲಸ ಬಿಟ್ಟು ಊರಿಗೇ ಹೋದಳು. ಈಗ ಅಲ್ಲಿಯ ಆಸ್ಪತ್ರೆಯಲ್ಲಿದ್ದಾಳೆ. ಅವಳಿಗೊಂದು ಮಗಳು. ಹೆಸರು ಏನೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರೂ ನಕ್ಕೆವು.

ಆದರೆ ಆ ವರ್ಷದಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ್ದು ಅಕ್ಟೋಬರಿನ ಕೊನೆಯ ಶುಕ್ರವಾರ. ಮೇರೆ ಇನ್ನೂ ಊರಿನಲ್ಲೇ ಇದ್ದಳು. ಸೆಕೆ ಇಳಿದು ಮೊದಲ ಬಾರಿಗೆ ಕಿಟಕಿ ತೆರೆದಿದ್ದೆ. ಹನ್ನೊಂದಕ್ಕೆ ಫೋನು ಬಂತು. ಅಭ್ಯಾಸಬಲದಿಂದ ಲ್ಯಾಪ್‌ಟಾಪ್ ತೆರೆದೆ.

"ಅದನ್ನು ಮುಚ್ಚಿ" ಎಂದರು ಮಾಸ್ಟ್ರು. ಸದ್ದು ಕೇಳಿಸಿರಬೇಕು. "ಟೈಪ್ ಮಾಡಲಿಕ್ಕೆ ಇನ್ನೇನೂ ಇಲ್ಲ. ಇಷ್ಟು ದಿನ ನಾನು ಹೇಳಿದೆ, ನೀವು ಕೇಳಿದಿರಿ. ಈಗ ನಿಮ್ಮದೊಂದು ಹೇಳಿ."

ನನಗೇನಿದೆ ಹೇಳಲು ಎಂದುಕೊಂಡೆ. ಆಮೇಲೆ, ಯಾರಿಗೂ ಹೇಳದ ನನ್ನ ಅಜ್ಜಿಯ ವಿಷಯ ಬಾಯಿಗೆ ಬಂತು. ನಮ್ಮ ಊರಿನ ಹತ್ತಿರ ಮಿಶನಿನವರ ಒಂದು ಶಾಲೆಯಿತ್ತು. ಅಜ್ಜಿ ಅಲ್ಲಿ ಎರಡನೆಯ ಕ್ಲಾಸು ಓದುವಾಗ, ಹುಡುಗಿಯರ ಜಾತಿ ಕೆಡಿಸುತ್ತಾರೆಂಬ ಸುದ್ದಿ ಹಬ್ಬಿ ಅಜ್ಜಿಯ ಅಪ್ಪ ಅವಳನ್ನು ಬಿಡಿಸಿದರು. ಟೀಚರಮ್ಮ ಸಾಲಾಗಿ ಮೂರು ದಿನವೂ ಬಿಸಿಲಲ್ಲಿ ನಡೆದು ಮನೆಗೆ ಬಂದರು. ಅಜ್ಜಿಯ ಅಪ್ಪ ಅವರನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. ಮರ್ಯಾದೆಗೆ ಕಮ್ಮಿ ಮಾಡಲಿಲ್ಲ, ಮಗಳನ್ನು ಕಳಿಸಲೂ ಇಲ್ಲ. ಅಜ್ಜಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳುತ್ತಿದ್ದಳು. ನಾಲ್ಕನೆಯ ದಿನ ಟೀಚರಮ್ಮ ಬರಲಿಲ್ಲ. ಅವತ್ತಿಡೀ ತಾನು ಬಾಗಿಲ ಹಿಂದೆಯೇ ನಿಂತಿದ್ದೆ ಎಂದು ಅಜ್ಜಿ ನನಗೆ ಹೇಳಿದ್ದಳು.

ಎಲ್ಲ ಮುಗಿದ ಮೇಲೆ ಮಾಸ್ಟ್ರು ಕೇಳಿದರು.

"ಮತ್ತೆ ಅವರು ಓದಲಿಕ್ಕೆ ಕಲಿತರಾ?"

"ಇಲ್ಲ ಮಾಸ್ಟ್ರೇ. ನನ್ನ ಶಾಲೆ ಬಿಡಿಸುವ ಮಾತು ಬಂದಾಗ ಅಜ್ಜಿ ಹೊಸ್ತಿಲಿಗೆ ಅಡ್ಡ ಕೂತಳು. ನಾನು ಹತ್ತನೆಯ ಕ್ಲಾಸು ಪಾಸಾಗುವವರೆಗೆ ಅಲ್ಲಿಂದ ಏಳಲಿಲ್ಲ ಅಂತಲೇ ಇಟ್ಟುಕೊಳ್ಳಿ."

ಅವರು ಮೊದಲ ಸಲ ಮಗಳ ಹಾಗೆ, ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿ ನಕ್ಕರು. ಆಮೇಲೆ ಅಜ್ಜಿಯ ಹೆಸರು ಕೇಳಿದರು. ನಾನು ಹೇಳಿದೆ. ಅವರು ಅದನ್ನು ತಮ್ಮ ನಾಲಿಗೆಗೆ ಹೊಂದಿಸಿಕೊಂಡು, ಎರಡು ಸಲ, ನಿಧಾನವಾಗಿ ಹೇಳಿದರು. "ಕಾಮಲಾ. ಕಾಮಲಾ."